ದ್ರೋಣರಿಗೆ ಪ್ರಶಸ್ತಿ, ಮೇಷ್ಟ್ರಿಗೆ ವರ್ಗ



ಕೇಂದ್ರ ಸರ್ಕಾರ ಆಟಗಾರರಿಗೆ 1961ರಿಂದ ಒಂದು ಪ್ರಶಸ್ತಿ ಕೊಡುತ್ತಾ ಬಂದಿದೆ. ಅದರ ಹೆಸರು ಅರ್ಜುನ. ಆಟ ಕಲಿಸುವ ಗುರುಗಳಿಗೆ 1985ರಿಂದ ಇನ್ನೊಂದು ಕೊಡುತ್ತಿದೆ. ಅದರ ಹೆಸರು ದ್ರೋಣಾಚಾರ್ಯ. ನಮ್ಮ ಕರ್ನಾಟಕ ಸರ್ಕಾರ ಹಿಂದೆ ಬೀಳಬಾರದಲ್ಲ, ಅದೂ ಒಂದು ಇಟ್ಟುಕೊಂಡಿದೆ. ಅದರ ಹೆಸರು ಏಕಲವ್ಯ. ಬೆರಳು ಕೇಳಿದವನ ಹೆಸರಲ್ಲೂ ಪ್ರಶಸ್ತಿ, ಕೇಳಿಸಿದವನ ಹೆಸರಲ್ಲೂ ಪ್ರಶಸ್ತಿ, ಕಳೆದುಕೊಂಡವನ ಹೆಸರಲ್ಲೂ ಪ್ರಶಸ್ತಿ. ಮೂರನ್ನೂ ಒಂದೇ ಗೋಡೆಗೆ ನೇತುಹಾಕಿ ಚಪ್ಪಾಳೆ ತಟ್ಟುವ ದೇಶ ನಮ್ಮದು.

ಏಕಲವ್ಯನ ಕಥೆಯನ್ನು ನಮ್ಮವರು ಬೇಕಾದಷ್ಟು ಸಲ ಹೇಳಿದ್ದಾರೆ, ಮತ್ತೆ ಹೇಳಲು ನಾವು ಕೂತಿಲ್ಲ. ಆದರೆ ಅದರಲ್ಲಿ ಒಂದು ಸಂಗತಿಯನ್ನು ನಾವು ಬೇಗ ದಾಟಿಬಿಡ್ತೇವೆ. ದ್ರೋಣ ತನ್ನಷ್ಟಕ್ಕೆ ತಾನೇ ಕಾಡಿಗೆ ಹೋಗಿ ಬೆರಳು ಕೇಳಲಿಲ್ಲ. ಅರ್ಜುನ ಬಂದು ಗುರುವಿಗೆ ಹಳೇ ಮಾತು ನೆನಪಿಸಿದ. ನನಗಿಂತ ಮಿಗಿಲಾದ ಶಿಷ್ಯ ನಿಮಗೆ ಇರೋದಿಲ್ಲ ಅಂತ ಮಾತು ಕೊಟ್ಟಿದ್ದಿರಲ್ಲ, ಇವನ್ಯಾರು ಅಂತ ಕೇಳಿದ. ದ್ರೋಣ ಅರಮನೆಯ ಅನ್ನ ಉಣ್ಣುತ್ತಿದ್ದವನು. ಕೇಳಿದವನು ಅರಮನೆಯ ಹುಡುಗ. ಅಂದರೆ ಏನಾಯ್ತು? ಮೇಷ್ಟ್ರ ಮೇಲೆ ಒತ್ತಡ ಬಂತು. ಮೇಷ್ಟ್ರು ಬಾಗಿದರು. ಬೇಡರ ಹುಡುಗನ ಹೆಬ್ಬೆರಳು ಹೋಯ್ತು. ದ್ರೋಣ ಒಲ್ಲೆ ಅಂದಿದ್ದರೆ ಅವನನ್ನು ಅರಮನೆಯ ಸಿಟ್ಟಿನಿಂದ ಕಾಯೋ ಕಾನೂನು ಯಾವುದಿತ್ತು? ಇವತ್ತು ಯಾವುದಿದೆ? ಈ ಲೇಖನದಲ್ಲಿ ನಾವು ಕೇಳುತ್ತಿರುವುದು ಇಷ್ಟನ್ನೇ.

ಪುರಾಣ ಬಿಡ್ರಪ್ಪಾ, ಕಾಲ ಬದಲಾಗಿದೆ ಅನ್ನೋರು ಸ್ವಲ್ಪ ನಿಲ್ಲಿ. 2023ರ ಜೂನ್ ತಿಂಗಳು. ಗುಜರಾತಿನ ಪಾಟಣ ಜಿಲ್ಲೆಯ ಕಾಕೋಶಿ ಎಂಬ ಊರು. ಶಾಲೆಯ ಮೈದಾನದಲ್ಲಿ ಕ್ರಿಕೆಟ್ ನಡೆಯುತ್ತಿತ್ತು. ನೋಡುತ್ತಾ ನಿಂತಿದ್ದ ದಲಿತ ಹುಡುಗ ಚೆಂಡನ್ನು ಎತ್ತಿಕೊಂಡ. ಅಷ್ಟಕ್ಕೇ ಜಾತಿ ಹಿಡಿದು ಬೈದರು, ಬೆದರಿಸಿದರು. ಮನೆಯ ಹಿರಿಯರೊಬ್ಬರು ಯಾಕ್ರಪ್ಪಾ ಅಂತ ಕೇಳಿದರು. ಆಮೇಲೆ ಆಯುಧ ಹಿಡಿದು ಬಂದ ಗುಂಪು ಆ ಮನೆಯವರೊಬ್ಬರ ಬೆರಳು ಕತ್ತರಿಸಿತು. ಯಾವ ಬೆರಳು ಗೊತ್ತೇ? ಹೆಬ್ಬೆರಳು! ಪುರಾಣವನ್ನು ನಾವು ಬಿಟ್ಟರೂ ಅವರು ಬಿಟ್ಟಿಲ್ಲ.

ಗುಜರಾತಿಗೆ ಬಸ್ಸು ಹತ್ತಬೇಕಾಗಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಹೋಬಳಿ ಕ್ರೀಡಾಕೂಟ ಶುರುವಾಗುವ ಹೊತ್ತಿಗೆ ಯಾವುದಾದರೂ ಸರ್ಕಾರಿ ಹೈಸ್ಕೂಲಿನ ಮೈದಾನದ ಅಂಚಿಗೆ ಹೋಗಿ ನಿಂತುಕೊಳ್ಳಿ. ಕಬಡ್ಡಿ ಟೀಮು ಆರಿಸುತ್ತಿರುತ್ತಾರೆ. ಕಬಡ್ಡಿ ಅಂದರೆ ಮುಟ್ಟೋ ಆಟ. ಮುಟ್ಟಿಸಿಕೊಂಡವನು ಔಟು. ಸಾವಿರಾರು ವರ್ಷ ನಮ್ಮನ್ನು ಮುಟ್ಟದೇ ಔಟು ಮಾಡಿದವರ ಮಕ್ಕಳು ಇಲ್ಲಿ ಮುಟ್ಟಿಸಿಕೊಂಡು ಔಟಾಗಬೇಕು, ಅದಕ್ಕೇ ಇಷ್ಟು ಉರಿ. ನಮ್ಮ ಕೇರಿಯ ಹೈದ ದಾಳಿಗೆ ಹೋಗಿ ಮೂವರನ್ನು ಬಡಿದು ಗೆರೆ ಮುಟ್ಟಿದರೆ ಪಿ.ಟಿ. ಮೇಷ್ಟ್ರ ಕಣ್ಣು ಅರಳುತ್ತದೆ. ಒಳ್ಳೇ ಮೇಷ್ಟ್ರಾದರೆ ಅವನ ಹೆಸರನ್ನೇ ಮೊದಲು ಬರೀತಾರೆ. ಆಮೇಲೆ ಶುರುವಾಗ್ತದೆ ನೋಡಿ.

ಜರ್ಸಿ ಕೊಡಿಸಿದ ಕಂಟ್ರಾಕ್ಟರು ಮೇಷ್ಟ್ರನ್ನು ಪಕ್ಕಕ್ಕೆ ಕರೀತಾನೆ. "ಆ ಕೇರಿ ಹೈದ ಆಡ್ಲಿ ಬುಡಿ ಮೇಷ್ಟ್ರೇ, ಬ್ಯಾಡ ಅನ್ನಲ್ಲ. ಆದ್ರೆ ಕ್ಯಾಪ್ಟನ್ ಅಂದ್ರೆ ಊರ ಮರ್ಯಾದೆ ಅಲ್ವಾ, ಒಸಿ ಯೋಚ್ನೆ ಮಾಡಿ." ಅದಾದ ಮೇಲೆ ಎಸ್‌ಡಿಎಂಸಿ ಅಧ್ಯಕ್ಷ. ಅದಾದ ಮೇಲೆ ಪಂಚಾಯ್ತಿ ಮೆಂಬರು. ಮೇಷ್ಟ್ರು ಇನ್ನೂ ಜಗ್ಗದಿದ್ದರೆ ತಾಲ್ಲೂಕಿನಿಂದ ಒಂದು ಫೋನು. ಫೋನಿನಲ್ಲಿ ಜಾತಿಯ ಮಾತೇ ಬರೋದಿಲ್ಲ, ಭಾರಿ ಸಭ್ಯರು. "ಏನ್ ಮೇಷ್ಟ್ರೇ, ಊರಲ್ಲಿ ನಿಮ್ ಮೇಲೆ ಕಂಪ್ಲೇಂಟಂತೆ?" ಅಂತಾರೆ, ಅಷ್ಟೇ. ಇತ್ತ ಹುಡುಗನ ಅಪ್ಪನಿಗೂ ಹೇಳಿಕಳಿಸುತ್ತಾರೆ. ಅವನು ಯಾರ ಹೊಲದಲ್ಲಿ ಕೂಲಿ ಮಾಡ್ತಾನೋ, ಯಾರ ಹತ್ತಿರ ಸಾಲ ತಂದಿದ್ದಾನೋ, ಆ ಬಾಯಿಂದಲೇ ಹೇಳಿಸುತ್ತಾರೆ. ಮಾರನೇ ದಿನ ಹುಡುಗ ಕಾಲು ನೋವು ಅಂತ ಹೇಳಿ ಬೆಂಚಿನ ಮೇಲೆ ಕೂತಿರುತ್ತಾನೆ. ಯಾವ ಡಾಕ್ಟರಿಗೂ ಸಿಗದ ಕಾಲು ನೋವು ಅದು.

ಹೋಗಲಿ ಬಿಡಿ, ಆಟ ತಾನೇ, ಅದಕ್ಯಾಕೆ ಇಷ್ಟೊಂದು ಅನ್ನುವವರು ನಮ್ಮೊಳಗೂ ಇದ್ದಾರೆ. ಆಟ ಅಲ್ಲ ಸ್ವಾಮಿ, ಅನ್ನ. ಹೋಬಳಿಯಿಂದ ತಾಲ್ಲೂಕು, ತಾಲ್ಲೂಕಿನಿಂದ ಜಿಲ್ಲೆ, ಅಲ್ಲಿಂದ ರಾಜ್ಯ. ಒಂದೊಂದು ಮೆಟ್ಟಿಲಿಗೂ ಒಂದೊಂದು ಸರ್ಟಿಫಿಕೇಟು. ಕ್ರೀಡಾ ಹಾಸ್ಟೆಲಿನ ಸೀಟು, ಕಾಲೇಜಿನ ಕ್ರೀಡಾ ಕೋಟಾ, ಪೊಲೀಸು, ರೈಲ್ವೆ, ಎಲ್ಲಕ್ಕೂ ಮೂಲ ಆ ಕಾಗದ. ಮೊದಲ ಪಟ್ಟಿಯಲ್ಲಿ ಹೆಸರು ಹೊಡೆದರೆ ಮುಂದಿನ ಮೆಟ್ಟಿಲೇ ಇಲ್ಲ. ಕಂಟ್ರಾಕ್ಟರನಿಗೆ ಇದು ಚೆನ್ನಾಗಿ ಗೊತ್ತು. ನಮಗೆ ಇನ್ನೂ ಗೊತ್ತಾಗಬೇಕಾಗಿದೆ.

ಹಾಗಾದರೆ ಕಾನೂನು ಇಲ್ಲವಾ? ಇದೆ. ಬಾಬಾಸಾಹೇಬರು ಕರಡು ಸಮಿತಿಯಲ್ಲಿ ಕೂತು ಬರೆಸಿಟ್ಟಿದ್ದಾರೆ. ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ಓದಿ. ಸರ್ಕಾರದ ದುಡ್ಡಿನಿಂದ ನಡೆಯುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸಾರ್ವಜನಿಕರು ಸೇರುವ ಜಾಗ, ಇವುಗಳಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯುವಂತಿಲ್ಲ. ಬಾವಿಗೆ ನಾವು ಹೋರಾಡಿದ್ದೇವೆ, ಕೆರೆಗೆ ಹೋರಾಡಿದ್ದೇವೆ. ಊರ ಜನ ಸೇರುವ ಸರ್ಕಾರಿ ಆಟದ ಮೈದಾನವೂ ಅದೇ ಸಾಲಿಗೆ ಸೇರಿದ್ದು ಅನ್ನೋದನ್ನು ಮರೆತು ಕೂತಿದ್ದೇವೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕು ಅಂತ ಬರೆದಿದೆ. ಅದರ 17ನೇ ಕಲಮು ಮಕ್ಕಳಿಗೆ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿ ಆದ ಮೇಲೆ ಇನ್ನೂ ಹಲ್ಲು ಬಂದಿದೆ. ಜನರ ಕಣ್ಣೆದುರು ಅವಮಾನ ಮಾಡಿದರೆ 3(1)(ಆರ್). ಜಾತಿ ಹೆಸರು ಹಿಡಿದು ಬೈದರೆ 3(1)(ಎಸ್). ಶಾಲೆಗೆ, ಸಾರ್ವಜನಿಕ ಜಾಗಕ್ಕೆ ಹೋಗದಂತೆ ತಡೆದರೆ (ಝಡ್‌ಎ). ಹುಡುಗ ಆಡಿದ ಅಂತ ಅಪ್ಪನಿಗೆ ಕೂಲಿ ಕೊಡದೆ ಬಹಿಷ್ಕಾರ ಹಾಕಿದರೆ (ಝಡ್‌ಸಿ). ಈ ಕೊನೆಯದನ್ನು ನಮ್ಮ ಕಾರ್ಯಕರ್ತರು ಬಾಯಿಪಾಠ ಮಾಡಬೇಕು, ಯಾಕಂದ್ರೆ ಒತ್ತಡ ಬರೋದೇ ಆ ದಾರಿಯಲ್ಲಿ. 2018ರ ತಿದ್ದುಪಡಿ ಪ್ರಕಾರ ಎಫ್‌ಐಆರ್ ಬರೆಯುವ ಮೊದಲು ಪ್ರಾಥಮಿಕ ವಿಚಾರಣೆ ಬೇಕಿಲ್ಲ. ಠಾಣೆಯಲ್ಲಿ "ವಿಚಾರಿಸಿ ನೋಡ್ತೀವಿ, ನಾಳೆ ಬನ್ನಿ" ಅಂದರೆ ಅದು ಕಾನೂನಲ್ಲ, ಅದು ಜಾತಿ.

ಈ ಕಾಯಿದೆ ಆಟಗಾರರ ಕೈಗೆ ಬಂದದ್ದೂ ಉಂಟು. 2021ರ ಟೋಕಿಯೋ ಒಲಿಂಪಿಕ್ಸಿನಲ್ಲಿ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾದ ಮೇಲೆ ಮೂರು ಗೋಲು ಹೊಡೆದರು. ಒಲಿಂಪಿಕ್ ಹಾಕಿಯಲ್ಲಿ ಹ್ಯಾಟ್ರಿಕ್ ಮಾಡಿದ ಮೊದಲ ಭಾರತೀಯ ಮಹಿಳೆ ಅವರು. ನಾಲ್ಕು ದಿನ ಕಳೆದು ತಂಡ ಸೆಮಿಫೈನಲಿನಲ್ಲಿ ಅರ್ಜೆಂಟೀನಾಕ್ಕೆ ಸೋತಿತು. ಹರಿದ್ವಾರದ ಬಳಿಯ ರೋಶನಾಬಾದಿನಲ್ಲಿ ಅವರ ಮನೆ ಮುಂದೆ ಮೇಲ್ಜಾತಿಯ ಗಂಡಸರು ಪಟಾಕಿ ಹೊಡೆದರು, ದಲಿತರನ್ನು ಟೀಮಿಗೆ ಸೇರಿಸಿದ್ದಕ್ಕೇ ಸೋತದ್ದು ಅಂತ ಕೂಗಿದರು. ಮೂರು ಗೋಲು ಹೊಡೆದಾಗ ಭಾರತದ ಮಗಳು, ಟೀಮು ಸೋತಾಗ ಹೊಲಗೇರಿಯ ಮಗಳು! ಅವರ ಮನೆಯವರು ಸುಮ್ಮನೆ ಕೂರಲಿಲ್ಲ. ದೌರ್ಜನ್ಯ ಕಾಯಿದೆಯಡಿ ಕೇಸಾಯ್ತು, ಬಂಧನವೂ ಆಯ್ತು.

ಆದರೆ ಅವರು ಬೈದದ್ದು ಬೀದಿಯಲ್ಲಿ. ಹಾಗಾಗಿ ಕಾಯಿದೆಗೆ ಸಿಕ್ಕಿದರು. ಆಟಗಾರರ ಉಡುಪು ಬದಲಿಸುವ ಕೋಣೆಯಲ್ಲಿ, ಬೀಗ ಹಾಕಿದ ಸ್ಪೋರ್ಟ್ಸ್ ರೂಮಿನಲ್ಲಿ, ಹೆಡ್‌ಮಾಸ್ಟರ ಚೇಂಬರಿನಲ್ಲಿ ಬೈದಿದ್ದರೆ? 2020ರಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮನೆಯ ನಾಲ್ಕು ಗೋಡೆಯೊಳಗೆ ಹೊರಗಿನವರು ಯಾರೂ ಇಲ್ಲದಾಗ ಬೈದದ್ದು ಸಾರ್ವಜನಿಕ ನೋಟದಲ್ಲಿ ಆದದ್ದಲ್ಲ ಅಂತ ಹೇಳಿತು. ಅದು ಮನೆಯ ಮಾತು, ಜಮೀನಿನ ಜಗಳದ ಮಾತು. ಆದರೆ ಎದುರು ಪಾರ್ಟಿಯ ವಕೀಲ ಅದನ್ನು ಸ್ಪೋರ್ಟ್ಸ್ ರೂಮಿನ ಬಾಗಿಲಿಗೂ ತಂದು ನಿಲ್ಲಿಸದೇ ಬಿಡುತ್ತಾನಾ? ಆಟದ ಲೋಕದಲ್ಲಿ ಅವಮಾನ ನಡೆಯೋದೇ ಬಾಗಿಲ ಒಳಗೆ. ಒಳಗಿದ್ದವರು ಯಾರು? ಟೀಮಿನ ಹುಡುಗರು, ಮತ್ತೆ ಮೇಷ್ಟ್ರು. ಸಾಕ್ಷಿ ಹೇಳಬೇಕಾದವರು ಅವರೇ. ಅವರ ಬಾಯಿ ಕಟ್ಟಿಹಾಕಿದರೆ ಕಾಯಿದೆಯ ಪುಸ್ತಕ ಬರೀ ಪುಸ್ತಕ.

ಹೆಣ್ಣುಮಕ್ಕಳ ವಿಷಯಕ್ಕೆ ಬನ್ನಿ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆಯಲ್ಲಿ ಕೆಲಸದ ಸ್ಥಳ ಅಂದರೆ ಕಚೇರಿ ಮಾತ್ರ ಅಲ್ಲ. ಕ್ರೀಡಾ ಸಂಸ್ಥೆ, ಸ್ಟೇಡಿಯಂ, ಸ್ಪರ್ಧೆ ನಡೆಯುವ ಜಾಗ, ಎಲ್ಲವೂ ಸೇರಿದೆ. ಹದಿನೆಂಟು ತುಂಬದ ಮಕ್ಕಳಿಗೆ 2012ರ ಪೋಕ್ಸೋ ಇದೆ. ಅದರ 19ನೇ ಕಲಮಿನ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸಿಗೆ ತಿಳಿಸಲೇಬೇಕು, ತಿಳಿಸದಿದ್ದರೆ 21ನೇ ಕಲಮಿನಲ್ಲಿ ಶಿಕ್ಷೆ. ಒಳ್ಳೇ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಹಾಕುವ ಹಾಗಿಲ್ಲ ಅಂತಲೂ ಅದರಲ್ಲೇ ಇದೆ. ಚೆನ್ನಾಗಿದೆ. ಆದರೆ ಕೇಸು ಹಾಕುವಂತಿಲ್ಲ ಅಂದದ್ದೇ ಹೊರತು, ತಿಳಿಸಿದ ಮೇಷ್ಟ್ರನ್ನು ಬೇರೆ ಊರಿಗೆ ಎತ್ತಿ ಹಾಕುವಂತಿಲ್ಲ ಅಂತ ಅಲ್ಲಿ ಬರೆದಿಲ್ಲ.

ಕುಸ್ತಿಯ ಹೆಣ್ಣುಮಕ್ಕಳಿಗೆ ಏನಾಯ್ತು ನೋಡಿದ್ದೇವೆ. 2023ರ ಜನವರಿಯಲ್ಲಿ ಜಂತರ್ ಮಂತರಿನಲ್ಲಿ ಕೂತರು, ಏಪ್ರಿಲಿನಲ್ಲಿ ಮತ್ತೆ ಕೂತರು. ಅವರ ಜೊತೆ ಕೂತ ಸಾಕ್ಷಿ ಮಲಿಕ್, ಬಜರಂಗ್ ಪೂನಿಯಾ ಒಲಿಂಪಿಕ್ ಪದಕ ತಂದವರು. ಅವರು ಕೇರಿಯವರೂ ಅಲ್ಲ. ಆದರೂ ಸುಪ್ರೀಂ ಕೋರ್ಟಿನ ಬಾಗಿಲು ಬಡಿಯುವ ತನಕ ದೆಹಲಿ ಪೊಲೀಸರು ಎಫ್‌ಐಆರ್ ಬರೆಯಲಿಲ್ಲ. ಮೇ 28ರಂದು ಬೀದಿಯಲ್ಲಿ ಎಳೆದಾಡಿದರು. ಪದಕ ಇದ್ದವರ ಗತಿ ಇದು. ಹಾಸ್ಟೆಲಿನಲ್ಲಿರೋ ನಮ್ಮ ಕೂಲಿಯವರ ಮಗಳು ಯಾರ ಬಾಗಿಲು ಬಡಿಯಬೇಕು? ಅವಳಿಗೆ ಮೊದಲು ಸಿಗೋದು ಅವಳ ಪಿ.ಟಿ. ಟೀಚರು. ಆ ಟೀಚರಮ್ಮನ ಬೆನ್ನಿಗೆ ಯಾರಿದ್ದಾರೆ ಅನ್ನೋದರ ಮೇಲೆ ಆ ಮಗುವಿನ ನ್ಯಾಯ ನಿಂತಿದೆ.

ಯಾರೂ ಇಲ್ಲ. ದೌರ್ಜನ್ಯ ಕಾಯಿದೆಯ ಅಪರಾಧಗಳೆಲ್ಲ ಪರಿಶಿಷ್ಟರ ಮೇಲೆ ನಡೆದಾಗ ಮಾತ್ರ ಅಪರಾಧ. ಮೇಷ್ಟ್ರು ನಮ್ಮವರಲ್ಲದಿದ್ದರೆ, ನಮ್ಮ ಹುಡುಗನ ಪರ ನಿಂತದ್ದಕ್ಕೆ ಅವರಿಗೆ ಊರವರು ಬಹಿಷ್ಕಾರ ಹಾಕಿದರೂ ಆ ಕಾಯಿದೆ ಅವರ ಹತ್ತಿರ ಸುಳಿಯೋದಿಲ್ಲ. 15ಎ ಕಲಮಿನಲ್ಲಿ ಸಾಕ್ಷಿಗಳಿಗೆ ರಕ್ಷಣೆ ಇದೆ, ಅದನ್ನು ಹಿಡಿದುಕೊಳ್ಳಬಹುದು. ಆದರೆ ಅದಕ್ಕೆ ಮೊದಲು ಕೇಸಾಗಬೇಕು. ಕೇಸೇ ಆಗದಂತೆ ಮೇಷ್ಟ್ರನ್ನು ಸರಿಸಿದರೆ? ಶಿಕ್ಷಕರ ವರ್ಗಾವಣೆಗೆ 2020ರ ಕರ್ನಾಟಕದ ಕಾಯಿದೆ ಇದೆ, ಕೌನ್ಸೆಲಿಂಗ್ ಇದೆ, ಮನಸ್ಸಿಗೆ ಬಂದ ಹಾಗೆ ಎತ್ತಿ ಹಾಕುವಂತಿಲ್ಲ ಅಂತಾರೆ. ವರ್ಗ ಆಗದಿದ್ದರೆ ನಿಯೋಜನೆ ಇದೆಯಲ್ಲ! ನೋಟೀಸು ಇದೆ, ಇನ್‌ಕ್ರಿಮೆಂಟು ಇದೆ. ಗುತ್ತಿಗೆಯ ಕೋಚಿಗೆ ಅದೂ ಬೇಡ, ಮುಂದಿನ ವರ್ಷ ಕರೆಯದಿದ್ದರೆ ಮುಗೀತು. ಕಾರಣ ಕೂಡ ಬರೆಯಬೇಕಾಗಿಲ್ಲ.

ಅಮೆರಿಕದ ಕರಿಯರ ಹೋರಾಟದಿಂದ ನಾವು ಮೊದಲಿಂದಲೂ ಕಲಿತವರು. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ ಅಂತ ಹೆಸರಿಟ್ಟುಕೊಂಡದ್ದು ಬ್ಲ್ಯಾಕ್ ಪ್ಯಾಂಥರರನ್ನು ನೋಡಿಯೇ. ಅಲ್ಲಿಂದ ಕಲಿಯಬೇಕಾದ ಇನ್ನೊಂದು ಪಾಠ ಇದೆ. ಅಲಬಾಮಾದ ಬರ್ಮಿಂಗ್‌ಹ್ಯಾಮ್ ನಗರದ ಸರ್ಕಾರಿ ಹೈಸ್ಕೂಲಿನಲ್ಲಿ ರಾಡರಿಕ್ ಜಾಕ್ಸನ್ ಅನ್ನುವವರು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿದ್ದರು. ಹುಡುಗರ ಟೀಮಿಗೆ ಸಿಗುವ ದುಡ್ಡು, ಸಾಮಾನು, ಜಾಗ ಹುಡುಗಿಯರಿಗೆ ಸಿಗುತ್ತಿಲ್ಲ ಅಂತ ಮೇಲಿನವರಿಗೆ ದೂರು ಕೊಟ್ಟರು. 2001ರಲ್ಲಿ ಅವರನ್ನು ಕೋಚ್ ಕೆಲಸದಿಂದ ತೆಗೆದರು. ಅಲ್ಲಿ 1972ರಲ್ಲಿ ಆದ ಟೈಟಲ್ ನೈನ್ ಎಂಬ ಕಾನೂನು ಶಾಲೆಗಳಲ್ಲಿ ಗಂಡು ಹೆಣ್ಣೆಂಬ ಭೇದ ಮಾಡಬಾರದು ಅನ್ನುತ್ತದೆ. ದೂರು ಕೊಟ್ಟವರ ಮೇಲೆ ಸೇಡು ತೀರಿಸಬಾರದು ಅಂತ ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಅನ್ಯಾಯ ಆದದ್ದು ಹುಡುಗಿಯರಿಗೆ, ನಿನಗೇನಯ್ಯಾ ಅಂತ ಶಾಲಾ ಮಂಡಳಿ ವಾದಿಸಿತು. 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತದಿಂದ ಜಾಕ್ಸನ್ ಪರ ತೀರ್ಪು ಕೊಟ್ಟಿತು. ಭೇದ ನಡೀತಿದೆ ಅಂದವನನ್ನು ಶಿಕ್ಷಿಸುವುದೂ ಭೇದವೇ, ಹಾಗೆ ಶಿಕ್ಷಿಸಲು ಬಿಟ್ಟರೆ ಆ ಕಾನೂನನ್ನು ನಡೆಸುವ ದಾರಿಯೇ ಮುಚ್ಚಿಹೋಗುತ್ತದೆ ಅನ್ನೋದು ಆ ತೀರ್ಪಿನ ತಿರುಳು. ಒಂದೇ ಮತದ ಅಂತರ ನೋಡಿ. ಕೋರ್ಟಿನ ಕರುಣೆಗೆ ಬಿಡುವ ಮಾತಲ್ಲ ಇದು. ಕಾಯಿದೆಯಲ್ಲೇ ಬರೆದಿರಬೇಕು.

2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆ ಮಾಡಿತು. ಕ್ರೀಡಾ ಮಂಡಳಿ, ನ್ಯಾಯಮಂಡಳಿ, ಮಹಿಳೆಯರಿಗೆ ಮತ್ತು ಚಿಕ್ಕವರಿಗೆ ಸುರಕ್ಷಿತ ಕ್ರೀಡೆಯ ನೀತಿ, ಎಲ್ಲ ಸೇರಿಸಿದ್ದಾರೆ. ಸಂತೋಷ. ಆದರೆ ಅದು ಒಲಿಂಪಿಕ್ ಸಂಸ್ಥೆಗೆ, ರಾಷ್ಟ್ರ ಮಟ್ಟದ ಫೆಡರೇಷನ್ನುಗಳಿಗೆ ಮಾಡಿದ ಕಾಯಿದೆ. ಹೋಬಳಿ ಮೈದಾನದ ಸುಣ್ಣದ ಗೆರೆ ತನಕ ಅದರ ಕೈ ಚಾಚೋದಿಲ್ಲ. ಕ್ರೀಡೆ ಸಂವಿಧಾನದ ರಾಜ್ಯ ಪಟ್ಟಿಯಲ್ಲಿದೆ, 33ನೇ ನಮೂದು. ಅಂದರೆ ವಿಧಾನಸೌಧದವರು ದೆಹಲಿ ಕಡೆ ಕೈ ತೋರಿಸಿ ತಪ್ಪಿಸಿಕೊಳ್ಳುವ ಹಾಗಿಲ್ಲ.

ಆಟದಲ್ಲಿ ಜಾತಿ ತರಬೇಡಿ ಅಂತ ನಮಗೇ ಬುದ್ಧಿ ಹೇಳುತ್ತಾರೆ. ತಂದದ್ದು ಯಾರು? ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ ಚಮ್ಮಾರರ ಮಗ. ಪುಣೆಯ ಕ್ಲಬ್ಬಿನಲ್ಲಿ ಪಿಚ್ಚು ಗುಡಿಸಿ, ಬಿಳಿಯರಿಗೆ ಬೌಲಿಂಗ್ ಮಾಡಿ ಕಲಿತವರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 114 ವಿಕೆಟ್ ತೆಗೆದರು. ಅಂಥವರಿಗೆ ಪುಣೆಯ ಹಿಂದೂ ಕ್ಲಬ್ಬಿನವರು ಚಹಾ ಕೊಟ್ಟದ್ದು ಹೊರಗೆ ನಿಲ್ಲಿಸಿ, ಬೇರೆ ಮಣ್ಣಿನ ಕುಡಿಕೆಯಲ್ಲಿ. ಚೆಂಡು ಮುಟ್ಟಿದರೆ ಮೈಲಿಗೆ ಇಲ್ಲ, ಲೋಟ ಮುಟ್ಟಿದರೆ ಮೈಲಿಗೆ! ಹಿಂದೂ ತಂಡದ ನಾಯಕತ್ವ ಅವರಿಗೆ ಕೊನೆಗೂ ಹಕ್ಕಾಗಿ ಸಿಗಲಿಲ್ಲ. 1920ರಲ್ಲಿ ತಮ್ಮಂದಿರು ತಂಡ ಬಿಟ್ಟು ಪ್ರತಿಭಟಿಸಿದರು. 1923ರಲ್ಲಿ ತಮ್ಮ ವಿಠ್ಠಲ್ ನಾಯಕನಾದದ್ದು ಯಾರದೋ ಔದಾರ್ಯದಿಂದ ಅಲ್ಲ, ಆ ಗಲಾಟೆಯಿಂದ. ನೂರು ವರ್ಷ ಕಳೆದಿದೆ. ಕ್ಯಾಪ್ಟನ್ ಅಂದ್ರೆ ಊರ ಮರ್ಯಾದೆ ಅನ್ನೋ ಮಾತು ಹಾಗೇ ಇದೆ.

ಇನ್ನು ನಮ್ಮ ಸಭೆಗಳಲ್ಲೇ ಏಳುವ ಪ್ರಶ್ನೆ. ಮೇಷ್ಟ್ರುಗಳಲ್ಲಿ ಎಷ್ಟು ಜನ ಜಾತಿವಾದಿಗಳಿಲ್ಲ? ಅವರಿಗ್ಯಾಕೆ ನಾವು ರಕ್ಷಣೆ ಕೇಳಬೇಕು? ಪ್ರಶ್ನೆ ಸರಿ. ಹುಡುಗರಿಂದ ಶೌಚಾಲಯ ತೊಳೆಸಿದವರೂ ಇದ್ದಾರೆ, ನಮ್ಮ ಮಕ್ಕಳ ಹೆಸರು ಕೂಗುವ ಬದಲು ಜಾತಿ ಕೂಗಿದವರೂ ಇದ್ದಾರೆ. ಅಂಥವರಿಗೆ ನಾವು ಕೇಳುವುದು ಜೈಲು. ಆದರೆ ಪಟ್ಟಿಯಲ್ಲಿ ನಮ್ಮ ಹೈದನ ಹೆಸರನ್ನು ಹೊಡೆಯಲು ಒಪ್ಪದ ಮೇಷ್ಟ್ರು, ಅವರು ಯಾವ ಜಾತಿಯವರೇ ಇರಲಿ, ಒಬ್ಬಂಟಿಯಾಗಿ ನಿಂತಿರುತ್ತಾರೆ. ಮನೆಯಲ್ಲಿ ಹೆಂಡತಿ ಮಕ್ಕಳು, ಬ್ಯಾಂಕಿನಲ್ಲಿ ಸಾಲ. ದ್ರೋಣನ ಹಾಗೆ ಬಾಗಬೇಡಿ ಅಂತ ಉಪದೇಶ ಮಾಡೋದು ನಮಗೆ ಸುಲಭ. ಬಾಗದೆ ನಿಂತವರ ಜೊತೆ ನಿಲ್ಲದಿದ್ದರೆ ನಮ್ಮ ಉಪದೇಶಕ್ಕೆ ಮೂರು ಕಾಸಿನ ಬೆಲೆಯಿಲ್ಲ.

ಆದ್ದರಿಂದ ರಾಜ್ಯ ಸರ್ಕಾರ ಕಾಯಿದೆಯಲ್ಲೇ ಬರೆಯಲಿ. ತಂಡದ ಆಯ್ಕೆಯಲ್ಲಿ ಹೊರಗಿನವರು, ಅವರು ದಾನಿಯಾಗಲಿ, ಸಮಿತಿಯವರಾಗಲಿ, ಶಾಸಕರಾಗಲಿ, ತಲೆ ಹಾಕಿದರೆ ಅದು ಅಪರಾಧ ಆಗಬೇಕು. ದೂರು ಕೊಟ್ಟ ಅಥವಾ ಸಾಕ್ಷಿ ಹೇಳಿದ ಶಿಕ್ಷಕರನ್ನು, ಗುತ್ತಿಗೆ ಕೋಚನ್ನು ಎರಡು ವರ್ಷದೊಳಗೆ ಕದಲಿಸಿದರೆ ಅದು ಸೇಡಲ್ಲ ಅಂತ ಇಲಾಖೆಯೇ ರುಜುವಾತು ಮಾಡಬೇಕು, ಮೇಷ್ಟ್ರು ಮಾಡಬೇಕಾಗಿಲ್ಲ. ಆಯ್ಕೆಗೆ ಮೂವರು ಕೂರಬೇಕು, ಅದರಲ್ಲಿ ಒಬ್ಬರು ಪರಿಶಿಷ್ಟರಿರಬೇಕು. ಯಾರನ್ನು ಯಾಕೆ ತೆಗೆದರು, ಯಾಕೆ ಬಿಟ್ಟರು ಅಂತ ಬರೆದು ಶಾಲೆಯ ನೋಟೀಸ್ ಬೋರ್ಡಿಗೆ ಹಾಕಬೇಕು.

ಕಾಯಿದೆ ಬರುವ ತನಕ ಕೈ ಕಟ್ಟಿ ಕೂರಬೇಕಾಗಿಲ್ಲ. 2013ರಲ್ಲಿ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸರ್ಕಾರಿ ಅಧಿಕಾರಿಗಳು ಬಾಯಿಮಾತಿನ ಆದೇಶದ ಮೇಲೆ ಕೆಲಸ ಮಾಡಬಾರದು, ಅಂಥದ್ದನ್ನು ಬರವಣಿಗೆಯಲ್ಲಿ ದಾಖಲಿಸಬೇಕು ಅಂತ ಹೇಳಿದೆ. ನಮ್ಮ ಮೇಷ್ಟ್ರುಗಳು ಇದನ್ನು ಗಟ್ಟಿ ಹಿಡಿಯಲಿ. ಫೋನು ಬಂದರೆ, "ಆಗಲಿ ಸಾರ್, ಒಂದು ಚೀಟಿಯಲ್ಲಿ ಬರೆದು ಸಹಿ ಹಾಕಿ ಕಳಿಸಿ" ಅನ್ನಲಿ. ಬರೆಯೋ ಧೈರ್ಯ ಎಷ್ಟು ಜನಕ್ಕಿದೆಯೋ ನೋಡೋಣ. ಬರೆಯದಿದ್ದರೆ ದಿನ, ಹೊತ್ತು, ಹೇಳಿದವರ ಹೆಸರು, ಹೇಳಿದ ಮಾತು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಅದೇ ದಿನ ಬಿಇಒ ಕಚೇರಿಗೆ ಒಂದು ಪ್ರತಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಲಿ. ಕೇರಿಯ ಹುಡುಗರ ತಂದೆತಾಯಂದಿರು ಕ್ರೀಡಾಕೂಟ ಮುಗಿದ ವಾರದಲ್ಲೇ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಆಯ್ಕೆ ಪಟ್ಟಿಯ ನಕಲು ಕೇಳಲಿ. ಫೀಜು ಹತ್ತು ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ, ಮೂವತ್ತು ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಬರೆಯಲು ಬಾರದವರಿಗೆ ತಾಲ್ಲೂಕು ಶಾಖೆಯ ಸಂಗಾತಿಗಳು ಕೂತು ಬರೆದುಕೊಡಬೇಕು. ಈ ಸಲ ಹೋಬಳಿ ಆಟದ ದಿನ ಪ್ರತಿ ಮೈದಾನದಲ್ಲೂ ನಮ್ಮವರು ಇಬ್ಬರಾದರೂ ಗೆರೆಯ ಹೊರಗೆ ನಿಂತಿರಬೇಕು, ಕೈಯಲ್ಲಿ ಪೆನ್ನು ಪುಸ್ತಕ ಇರಲಿ.